ಬಾಯಿಪಾಠದ ಕಣ್ಣು

ಮಗುವನ್ನು ನೋಡಲು ಹೋಗುವವರು ಬಿಸ್ಕತ್ತು ಹಿಡಿದುಕೊಂಡು ಹೋಗುತ್ತಾರೆ, ಗೊಂಬೆ ಹಿಡಿದುಕೊಂಡು ಹೋಗುತ್ತಾರೆ. ಕನ್ನಡಕದಂಗಡಿಯ ಯಜಮಾನ ಕಣ್ಣು ಪರೀಕ್ಷೆಯ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ಮದುವೆಯಾಗಿ ಹದಿಮೂರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು, ಹೆಂಡತಿಯ ಹಟಕ್ಕೆ ಸೋತು, ದತ್ತು ತೆಗೆದುಕೊಳ್ಳಲು ಒಪ್ಪಿದ್ದ. ಒಪ್ಪಿದ್ದೇನೋ ಸರಿ, ಆದರೆ ಒಂದು ಪೊರಕೆಯನ್ನೂ ಬಗ್ಗಿಸಿ, ತಿರುಗಿಸಿ, ಕಡ್ಡಿ ಎಣಿಸಿ ತರುವ ಜಾಯಮಾನ ಅವನದು. ಮಗುವಿನ ವಿಷಯದಲ್ಲಿ ಮಾತ್ರ ಬದಲಾಗುತ್ತಾನೆಂದು ಅವನ ಹೆಂಡತಿ ನಂಬಿದ್ದರೆ ಅದು ಅವಳ ತಪ್ಪು.

ಹಲಗೆಯ ಮೇಲೆ ಅಕ್ಷರಗಳಿರಲಿಲ್ಲ. ಓದಲು ಬಾರದವರಿಗೆಂದೇ ಮಾಡಿದ ಹಲಗೆ ಅದು. ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಮೇಲಿನ ಸಾಲಿನಲ್ಲಿ ಅಂಗೈಯಷ್ಟು ದೊಡ್ಡವು, ಕೆಳಕೆಳಗೆ ಬಂದಂತೆ ಇರುವೆಯಷ್ಟು ಸಣ್ಣವು. ಹಲ್ಲು ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಡಕ್ಕೋ ಬಲಕ್ಕೋ, ಅಷ್ಟು ಹೇಳಿದರೆ ಸಾಕು. ಅನಾಥಾಲಯದ ಹಜಾರದಲ್ಲಿ ಅವನು ಒಂದು ಮೊಳೆ ಹುಡುಕಿ ಹಲಗೆ ತೂಗುಹಾಕಿದ, ಹೆಜ್ಜೆಯಿಂದ ದೂರ ಅಳೆದ, ಸೀಮೆಸುಣ್ಣದಲ್ಲಿ ಗೆರೆ ಎಳೆದ. ಐದು ವರ್ಷದ ಆಸುಪಾಸಿನ ಆರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರನ್ನೇ ಗೆರೆಯ ಮೇಲೆ ನಿಲ್ಲಿಸಿ, ಒಂದು ಕಣ್ಣಿಗೆ ತನ್ನ ಅಂಗೈ ಮುಚ್ಚಿ, "ಹೂಂ, ಹೇಳು" ಎನ್ನುತ್ತ ಹೋದ. ತಪ್ಪಿದವರನ್ನೆಲ್ಲ ತಪ್ಪದೆ "ಪಾಪ" ಎಂದು ತಿದ್ದಿದ.

ಅವನ ಹೆಂಡತಿ ನಾಚಿಕೆಯಿಂದ ನೆಲ ನೋಡುತ್ತ ನಿಂತಿದ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಸಾಣೆಚಕ್ರದ ಮುಂದೆ ಕೂತು, ಗಿರಾಕಿಗಳ ಫ್ರೇಮಿಗೆ ತಕ್ಕಂತೆ ಗಾಜಿನ ಅಂಚು ಕೊರೆಯುವವಳು ಅವಳು. ಜನ ಅವಳನ್ನು ಸಾಣೆಯಮ್ಮ ಎಂದೇ ಕರೆಯುತ್ತಿದ್ದರು. ಅವಳ ಆಯ್ಕೆ ಗೇಟಿನ ಬಳಿಯೇ ಮುಗಿದಿತ್ತು. ಒಳಗೆ ಬರುವಾಗ ಒಬ್ಬ ಹುಡುಗಿ ಎದುರು ಬಂದು, "ನಿಮ್ಮ ಚಪ್ಪಲಿ ಪಟ್ಟಿ ಬಿಚ್ಚಿಹೋಗಿದೆ, ಬೀಳ್ತೀರಿ" ಎಂದು ಕುಕ್ಕರಗಾಲಲ್ಲಿ ಕೂತು ಪಟ್ಟಿ ಹಾಕಿಕೊಟ್ಟಿದ್ದಳು. ಅಷ್ಟು ಸಾಕಾಗಿತ್ತು ಸಾಣೆಯಮ್ಮನಿಗೆ. "ರೀ, ಆ ಕೊನೇಲಿ ನಿಂತಿದ್ದಾಳಲ್ಲ, ಅವಳು" ಎಂದು ಗಂಡನ ಕಿವಿಯಲ್ಲಿ ಹೇಳಿದ್ದಳು. "ಇರೇ, ನೋಡೋಣ" ಎಂದಿದ್ದ ಅವನು.

ಕೊನೆಯವಳ ಸರದಿ ಬಂತು. ಬಲಗಣ್ಣು, ಎಡಗಣ್ಣು, ಇರುವೆಯಷ್ಟು ಸಣ್ಣ ಸಾಲಿನವರೆಗೆ ಒಂದೂ ತಪ್ಪಿಲ್ಲ. "ಮೇಲೆ, ಬಲ, ಬಲ, ಕೆಳಗೆ, ಎಡ, ಮೇಲೆ!" ಯಜಮಾನ ಕುಣಿದಾಡಿಬಿಟ್ಟ. "ಸಿಕ್ಸ್ ಬೈ ಸಿಕ್ಸ್! ಇದು ಹದ್ದಿನ ಕಣ್ಣು ಕಣೇ!" ಅಂದೇ ಆ ಹುಡುಗಿಗೆ ಹದ್ದುಮರಿ ಎಂಬ ಹೆಸರು ಅಂಟಿಕೊಂಡಿತು.

ಅವನು ಒಂದು ಸಂಗತಿ ಗಮನಿಸಲಿಲ್ಲ. ಪರೀಕ್ಷೆ ಮಾಡುವಾಗ ಅವನೆಂದೂ ಹಲಗೆ ನೋಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಹಲಗೆ, ಅವನಿಗೆ ಪೂರ್ತಿ ಬಾಯಿಪಾಠ. ಬಾಯಿಪಾಠ ಮಾಡಿಕೊಳ್ಳುವ ಬುದ್ಧಿ ಇನ್ನೊಬ್ಬರಿಗೂ ಇರಬಹುದು, ಐದು ಮಕ್ಕಳು ಎರಡೆರಡು ಸಲ ಕೂಗಿ ಹೇಳಿದ್ದನ್ನೂ ಅವರು ತಪ್ಪಿದಲ್ಲಿ ತಾನೇ ತಿದ್ದಿದ್ದನ್ನೂ ಆರನೆಯ ಮಗು ಪದ್ಯದಂತೆ ಕಲಿತುಬಿಡಬಹುದು ಎಂದು ಅವನ ತಲೆಗೆ ಹೊಳೆಯಲೇ ಇಲ್ಲ.

ಹದ್ದುಮರಿಗೆ ಎಡಗಣ್ಣು ಕಾಣುತ್ತಿರಲಿಲ್ಲ ಎಂದೇ ಹೇಳಬೇಕು. ಅದು ಸಾಣೆಯಮ್ಮನಿಗೆ ತಿಳಿದದ್ದು ಮಗು ಮನೆಗೆ ಬಂದ ಎರಡನೆಯ ವಾರ, ಬಚ್ಚಲಿನಲ್ಲಿ. ತಲೆ ಉಜ್ಜುವಾಗ ಬಲಗಣ್ಣಿಗೆ ಸೋಪು ಹೋಯಿತು. ಮಗು ಆ ಕಣ್ಣು ಮುಚ್ಚಿ, ಎಡಗಣ್ಣನ್ನು ಅಗಲವಾಗಿ ಬಿಟ್ಟುಕೊಂಡು, ಮೂಗಿನ ಮುಂದೆಯೇ ಇದ್ದ ನೀರಿನ ಚೊಂಬಿಗಾಗಿ ಕೈಯಾಡಿಸತೊಡಗಿತು. ಗೋಡೆಗೆ ಹೋಯಿತು ಕೈ, ಬಕೆಟ್ಟಿಗೆ ಹೋಯಿತು, ಚೊಂಬಿಗೆ ಹೋಗಲಿಲ್ಲ. ಸಾಣೆಯಮ್ಮ ಉಜ್ಜುವುದನ್ನು ನಿಲ್ಲಿಸಿದಳು. ಸೋಪು ತೊಳೆದು, ಟವೆಲ್ಲಿನಲ್ಲಿ ಮುಖ ಒರೆಸಿ, ಬಲಗಣ್ಣಿಗೆ ಅಂಗೈ ಮುಚ್ಚಿ ನಾಲ್ಕು ಬೆರಳು ಹಿಡಿದಳು.

"ಎಷ್ಟು ಬೆರಳು, ಪುಟ್ಟಾ?"

"ಎರಡು."

"ಸರಿಯಾಗಿ ನೋಡು."

"ಮೂರು. ಒಂದು." ಮಗು ಅವಳ ಕೈ ಹಿಡಿದುಕೊಂಡಿತು. "ನಾಳೆ ಸರಿಯಾಗಿ ಹೇಳ್ತೀನಿ. ಒಂದ್ಸಲ ನೀವು ಹೇಳಿಕೊಟ್ಬಿಡಿ, ನಾಳೆ ತಪ್ಪಲ್ಲ. ವಾಪಸ್ ಕಳಿಸ್ಬೇಡಿ."

ಸಾಣೆಯಮ್ಮ ಒದ್ದೆ ಮಗುವನ್ನು ಹಾಗೆಯೇ ಅಪ್ಪಿಕೊಂಡಳು. ತನ್ನ ಬಟ್ಟೆಯೆಲ್ಲ ನೆನೆದರೂ ಬಿಡಲಿಲ್ಲ. "ಯಾರೂ ಕಳಿಸಲ್ಲ. ಇದು ನಮ್ಮಿಬ್ಬರ ಗುಟ್ಟು, ಅಪ್ಪಂಗೆ ಹೇಳೋದು ಬೇಡ" ಎಂದಳು. ಅಲ್ಲಿಯವರೆಗೆ ಅವಳನ್ನು ಏನೆಂದೂ ಕರೆಯದಿದ್ದ ಮಗು ಆಗ ಮೊದಲ ಸಲ "ಹೂಂ ಅಮ್ಮ" ಎಂದಿತು. ಹದಿಮೂರು ವರ್ಷ ಕಾದಿದ್ದ ಹೆಂಗಸು ಆ ಒಂದು ಮಾತಿಗೆ ಕರಗಿ ನೀರಾದಳು. ಗುಟ್ಟಿನಿಂದಲೇ ತಾನು ತಾಯಿಯಾದೆ ಎಂದುಕೊಂಡಳು, ಗುಟ್ಟನ್ನು ಬಿಡುವ ಮನಸ್ಸು ಅವಳಿಗೆ ಅಂದಿನಿಂದಲೇ ಹೋಯಿತು.

ಗಂಡನಿಗೆ ಹೇಳಬಹುದಿತ್ತಲ್ಲ ಎಂದು ಕೇಳುವವರು ಯಜಮಾನನ ನಾಲಿಗೆಯನ್ನು ಕೇಳಿದವರಲ್ಲ. ಮನೆಗೆ ತಂದ ವಸ್ತುವಿನಲ್ಲಿ ಅರ್ಧದಷ್ಟನ್ನು ವಾಪಸ್ ಕೊಟ್ಟುಬರುವವನು ಅವನು. ಗಡಿಯಾರ ಎರಡು ನಿಮಿಷ ಹಿಂದೆ ಬಿತ್ತೆಂದು ವಾಪಸ್, ಫ್ಯಾನು ಗೊರಗೊರ ಅಂದಿತೆಂದು ವಾಪಸ್. ಗಾಜಿನ ಕಂಪನಿಯವರು ಕಳಿಸಿದ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ಗೀರಿದ್ದರೆ ಇಡೀ ಪೆಟ್ಟಿಗೆ ವಾಪಸ್. ಮಗು ಬಂದ ಮೇಲೆ ಅವನ ತಮಾಷೆಯೆಲ್ಲ ಅದರ ಮೇಲೆಯೇ. ಲೋಟ ಬೀಳಿಸಿದರೆ, "ಬಿಲ್ ಜೋಪಾನವಾಗಿ ಇಟ್ಟಿದ್ದೀನಿ ಕಣಮ್ಮ, ಗ್ಯಾರಂಟಿ ಇನ್ನೂ ಮುಗಿದಿಲ್ಲ!" ಊಟ ಬಿಟ್ಟರೆ, "ಪೀಸ್ ಬದಲಾಯಿಸ್ಕೊಂಡು ಬರ್ಲಾ?" ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹದ್ದುಮರಿಯೂ ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ. ನಗುತ್ತಲೇ ಓಡಿಹೋಗಿ ಲೋಟದ ಚೂರು ಆರಿಸುತ್ತಿತ್ತು, ತಟ್ಟೆಯಲ್ಲಿ ಬಿಟ್ಟಿದ್ದನ್ನು ಗಬಗಬ ನುಂಗುತ್ತಿತ್ತು. ಸಾಣೆಯಮ್ಮ ಅದನ್ನು ಒಳಗಿನಿಂದ ನೋಡುತ್ತಿದ್ದಳು. ಅವಳ ಕೈಯೊಳಗಿನ ಗಾಜು ಚಕ್ರಕ್ಕೆ ಸಿಕ್ಕು ಅಂಚು ಹಾರುತ್ತಿತ್ತು.

ಇಷ್ಟಕ್ಕೂ ಕಾಗದಪತ್ರ ಇನ್ನೂ ಪಕ್ಕಾ ಆಗಿರಲಿಲ್ಲ. ಮೊದಲ ವರ್ಷ ನೋಡಿಕೊಳ್ಳುವ ಅವಧಿ, ಆಮೇಲೆ ಕಡೆಯ ಸಹಿ ಎಂದಿದ್ದರು. ಮೂರು ತಿಂಗಳಿಗೊಮ್ಮೆ ಅನಾಥಾಲಯದಿಂದ ಒಬ್ಬಾಕೆ ಫೈಲು ಹಿಡಿದು ಬರುತ್ತಿದ್ದಳು. "ಮಗು ಹೊಂದಿಕೊಂಡಿದೆಯಾ? ಆರೋಗ್ಯ?" ಎಂದು ಕೇಳಿದರೆ ಯಜಮಾನ ಎದೆಯುಬ್ಬಿಸಿ, "ಕಣ್ಣು ಸಿಕ್ಸ್ ಬೈ ಸಿಕ್ಸ್ ಬರ್ಕೊಳ್ಳಿ ಮೇಡಂ, ನಾನೇ ಪರೀಕ್ಷೆ ಮಾಡಿದ್ದು" ಎನ್ನುತ್ತಿದ್ದ. ಆಕೆ ಬರೆದುಕೊಳ್ಳುತ್ತಿದ್ದಳು. ಸಾಣೆಯಮ್ಮ ಬಾಯಿಗೆ ಬೀಗ ಹಾಕಿಕೊಂಡು ಟೀ ಕೊಡುತ್ತಿದ್ದಳು.

ಅಂಗಡಿಯ ಗೋಡೆಯ ಮೇಲೆ, ಗಿರಾಕಿಗಳು ಕೂರುವ ಬೆಂಚಿನ ಎದುರಿಗೆ, ಯಾವುದೋ ಗಾಜಿನ ಕಂಪನಿಯವರು ಕೊಟ್ಟ ಒಂದು ದೊಡ್ಡ ಚಿತ್ರವಿತ್ತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಗುತ್ತಿರುವ ಮಗುವಿನ ಚಿತ್ರ. ಕೆಳಗೆ ಬರೆದಿತ್ತು: ಸೋಮಾರಿ ಕಣ್ಣು ಎಂಟು ವರ್ಷದೊಳಗೆ ತಿಳಿದರೆ ವಾಸಿಯಾಗುತ್ತದೆ, ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಕಟ್ಟಿ, ತಕ್ಕ ಕನ್ನಡಕ ಹಾಕಿಸಿ. ಸಾಣೆಯಮ್ಮ ಅದನ್ನು ವರ್ಷಗಟ್ಟಲೆ ನೋಡಿದ್ದರೂ ಓದಿರಲಿಲ್ಲ. ಬಚ್ಚಲಿನ ಆ ದಿನದ ನಂತರ ಓದಿದಳು. ಎರಡು ಸಲ, ಮೂರು ಸಲ ಓದಿದಳು. ಐದು, ಆರು, ಏಳು, ಎಂಟು ಎಂದು ಬೆರಳು ಮಡಚಿ ನೋಡಿದಳು. ಮೂರು ವರ್ಷ ಇದೆ. ಒಂದು ವರ್ಷದಲ್ಲಿ ಕಡೆಯ ಸಹಿ ಬೀಳುತ್ತದೆ, ಸಹಿ ಬಿದ್ದ ಮೇಲೆ ವಾಪಸ್ ಕಳಿಸುವ ಮಾತೇ ಇಲ್ಲ, ಆಗ ಹೇಳಿದರಾಯಿತು. ಲೆಕ್ಕ ಸರಿಯಾಗಿಯೇ ಇತ್ತು.

ಸುಮ್ಮನೆ ಕೂರಲಿಲ್ಲ ಪಾಪ, ತಾನೇ ಒಂದು ಕೈ ನೋಡಿದಳು. ಯಜಮಾನ ಮಧ್ಯಾಹ್ನ ಊಟ ಮಾಡಿ ಮಲಗಿದ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಮಗುವಿನ ಬಲಗಣ್ಣಿಗೆ ಬಟ್ಟೆ ಕಟ್ಟಿ, "ಆಟ ಆಡೋಣ್ವಾ?" ಎನ್ನುತ್ತಿದ್ದಳು. ಆಟವೇನು ಬಂತು, ಮಗುವಿಗೆ ಅದು ಕುರುಡು. ಮೇಜಿಗೆ ಡಿಕ್ಕಿ ಹೊಡೆಯಿತು, ಸ್ಕ್ರೂಗಳ ಡಬ್ಬಿ ಚೆಲ್ಲಿತು, ಬಟ್ಟೆಯನ್ನು ಉಗುರಿನಿಂದ ಕಿತ್ತಿತು. "ಬೇಡ ಅಮ್ಮ, ಕತ್ತಲೆ ಅಮ್ಮ" ಎಂದು ಬಾಯಿ ಮುಚ್ಚಿಕೊಂಡು, ಶಬ್ದ ಹೊರಗೆ ಹೋಗದಂತೆ ಅತ್ತಿತು. ಶಬ್ದ ಮಾಡದೆ ಅಳುವುದು ಆ ಮಗುವಿಗೆ ಮೊದಲೇ ಬರುತ್ತಿತ್ತು. ಹನ್ನೊಂದನೆಯ ದಿನ ಹಣೆ ಮೇಜಿನ ಮೂಲೆಗೆ ಬಡಿದು ಬುಗುಟೆ ಎದ್ದಿತು. ಸಂಜೆ ಯಜಮಾನ ಬುಗುಟೆ ನೋಡಿ, "ಅಯ್ಯಯ್ಯೋ, ಡ್ಯಾಮೇಜ್ ಆದ ಮಾಲನ್ನ ವಾಪಸ್ ತಗೊಳ್ಳಲ್ವಲ್ಲೋ!" ಎಂದು ಗಲ್ಲ ಹಿಂಡಿ ನಕ್ಕ. ಮಾರನೆಯ ದಿನದಿಂದ ಸಾಣೆಯಮ್ಮ ಬಟ್ಟೆ ಕಟ್ಟಲಿಲ್ಲ. ಬುಗುಟೆಗೆ ಹೆದರಿದಳೋ, ಅಳುವಿಗೆ ಕರಗಿದಳೋ, ಮಗು ತನ್ನನ್ನು ಕಂಡು ಹಿಂದೆ ಸರಿಯತೊಡಗಿದ್ದು ಸಹಿಸಲಾಗಲಿಲ್ಲವೋ. ಮೂರನೆಯದೇ ನಿಜ. ಅವಳಿಗೆ ಮಗುವಿನ ಕಣ್ಣಿಗಿಂತ ಮಗುವಿನ ಪ್ರೀತಿ ಹೆಚ್ಚು ಬೇಕಾಗಿತ್ತು.

ಮಗು ಒಂದು ದಿನ ಕೇಳಿತು, "ಅಮ್ಮ, ಇದು ಸರಿಹೋಗುತ್ತಾ?"

"ಇಲ್ಲ ಪುಟ್ಟಾ. ಅದು ಹುಟ್ಟಿನಿಂದ ಹಂಗೆ. ಯಾರಿಂದಲೂ ಏನೂ ಮಾಡೋಕಾಗಲ್ಲ."

ಇನ್ನು ಬಟ್ಟೆ ಕಟ್ಟಿಸಿಕೊಳ್ಳಬೇಕಿಲ್ಲವೆಂದು ಮಗು ನಿರಾಳವಾಯಿತು. ಸಾಣೆಯಮ್ಮ ಆ ವಾರವೇ ಗೋಡೆಯ ಚಿತ್ರದ ಮೇಲೆ ಹೊಸ ಫ್ರೇಮುಗಳ ಜಾಹೀರಾತು ಅಂಟಿಸಿದಳು.

ಆಮೇಲೆ ಶುರುವಾಯಿತು ಯಜಮಾನನ ವಾರ್ಷಿಕೋತ್ಸವ. ಮಗು ಮನೆಗೆ ಬಂದ ದಿನ ಪ್ರತಿ ವರ್ಷ ಅಂಗಡಿ ತುಂಬ ಗಿರಾಕಿಗಳಿರುವಾಗ ಅವಳನ್ನು ಗೆರೆಯ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡುವುದು. "ನೋಡಿ, ನೋಡಿ, ನನ್ನ ಹದ್ದುಮರಿ! ನಾನೇ ಆರಿಸಿ ತಂದಿದ್ದು!" ಮೊದಲ ವರ್ಷ ಹಳೆಯ ಹಲಗೆಯೇ, ಏನೂ ತೊಂದರೆಯಾಗಲಿಲ್ಲ. ಎರಡನೆಯ ವರ್ಷ ಅವನು ಒಳಗೆ ದೀಪ ಉರಿಯುವ ಹೊಸ ಹಲಗೆ ತರಿಸಿದ, ಅದಕ್ಕೆ ಬೇರೆಯೇ ಸಾಲುಗಳು. ಅದು ಬಂದ ದಿನವೇ ಸಾಣೆಯಮ್ಮ ಸಾಲುಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಳು. ಬೆಳಿಗ್ಗೆ ಮಗುವಿನ ತಲೆ ಬಾಚುತ್ತ ಬಾಚುತ್ತ ಕಲಿಸಿದಳು. ಬಾಚಣಿಗೆ ಮೇಲಕ್ಕೆ, ಎಡಕ್ಕೆ, ಕೆಳಕ್ಕೆ, ಎಡಕ್ಕೆ. ಹುಡುಗಿ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು, ತಪ್ಪಿದರೆ ಅಮ್ಮ ನೆತ್ತಿಗೆ ಮೆಲ್ಲನೆ ಮೊಟಕುತ್ತಿದ್ದಳು. ಇಬ್ಬರೂ ಕಿಸಕ್ಕೆಂದು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಅವರಿಬ್ಬರೂ ಅಷ್ಟು ಸುಖವಾಗಿ ಇದ್ದದ್ದು ಆ ಬೆಳಗುಗಳಲ್ಲೇ. ಯಜಮಾನನ ಕಣ್ಣಿಗೆ ಮಣ್ಣೆರಚುವುದರಲ್ಲಿ ತಾಯಿಮಗಳು ಒಂದಾಗಿದ್ದರು.

ಒಂದು ವರ್ಷ ಎಂದಿದ್ದ ಕಡೆಯ ಸಹಿ ಕಚೇರಿಯಿಂದ ಕಚೇರಿಗೆ ಅಲೆದು, ಬಿದ್ದಾಗ ಹುಡುಗಿಗೆ ಏಳು ತುಂಬಿತ್ತು. ಇನ್ನೂ ಒಂದು ವರ್ಷವಿತ್ತು ಎಂಬುದು ಸಾಣೆಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಕಾಗದ ಕೈಗೆ ಬಂದ ದಿನ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. "ರೀ, ಒಂದು ವಿಷಯ" ಎಂದಳು ಕೂಡ. ಅಷ್ಟರಲ್ಲಿ ಯಜಮಾನ ಬೀದಿಗೆಲ್ಲ ಸಿಹಿ ಹಂಚುತ್ತ, "ಎರಡು ವರ್ಷ ಉಪಯೋಗಿಸಿ ನೋಡಿದೆ, ಒಂದು ದೋಷಾನೂ ಇಲ್ಲ, ಅದಕ್ಕೇ ಇಟ್ಕೊಂಡೆ!" ಎಂದು ಡಂಗುರ ಹೊಡೆಯುತ್ತಿದ್ದ. "ಏನೇ ವಿಷಯ?" ಎಂದು ತಿರುಗಿ ಕೇಳಿದ. "ಏನಿಲ್ಲ, ಸಿಹಿ ಸಾಲುತ್ತೋ ಇಲ್ವೋ ಅಂತ" ಎಂದಳು. ಇಷ್ಟು ಹೊಗಳಿಕೊಂಡವನ ಮುಖಕ್ಕೆ ಹೊಡೆದಂತಾಗುತ್ತದೆ, ಸ್ವಲ್ಪ ತಣ್ಣಗಾಗಲಿ ಎಂದುಕೊಂಡಳು. ಮುಂದಿನ ತಿಂಗಳು ಎಂದುಕೊಂಡಳು. ಈಗ ಹೇಳಿದರೆ, ಎರಡು ವರ್ಷದಿಂದ ಗೊತ್ತಿದ್ದೂ ಮುಚ್ಚಿಟ್ಟೆಯಾ ಎಂದು ಕೇಳುತ್ತಾನಲ್ಲ ಎಂದು ಹೊಸ ಹೆದರಿಕೆಯೂ ಸೇರಿಕೊಂಡಿತು. ಮಗುವನ್ನು ಕಳಿಸದಿದ್ದರೂ ತನ್ನನ್ನೇನು ಮಾಡುತ್ತಾನೋ?

ಹೀಗೆ ಎಂಟು ತುಂಬಿತು. ಒಂಬತ್ತೂ ತುಂಬಿತು. ಆ ದಿನ ಸಾಣೆಯಮ್ಮ ಅಳಲಿಲ್ಲ. ಇನ್ನು ಹೇಳಿ ಪ್ರಯೋಜನವಿಲ್ಲ, ಹೇಳಬೇಕಾದ್ದೂ ಇಲ್ಲ ಎಂದು ಅವಳಿಗೆ ಒಂದು ಬಗೆಯ ನೆಮ್ಮದಿಯಾಯಿತು. ಇಂಥ ನೆಮ್ಮದಿ ಯಾರಿಗೂ ಬರಬಾರದು.

ಹುಡುಗಿಗೆ ಹನ್ನೊಂದಾದಾಗ ಶಾಲೆಗೆ ಕಣ್ಣಿನ ತಪಾಸಣೆಗೆಂದು ಒಬ್ಬ ಡಾಕ್ಟರಮ್ಮ ಬಂದರು. ಆಕೆ ಹಲಗೆಯನ್ನೂ ತಂದಿದ್ದರು, ಜೊತೆಗೆ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಒಂದು ಸಣ್ಣ ಯಂತ್ರವನ್ನೂ ತಂದಿದ್ದರು. ಆ ಯಂತ್ರ ಯಾರ ಬಾಯಿಪಾಠವನ್ನೂ ಕೇಳುವುದಿಲ್ಲ. ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು, ಡಾಕ್ಟರಮ್ಮ ಹದ್ದುಮರಿಯ ಕೈ ಹಿಡಿದುಕೊಂಡು ತಾವೇ ಮೆಟ್ಟಿಲು ಹತ್ತಿ ಬಂದರು.

"ಇವಳು ನಿಮ್ಮ ಮಗಳಾ?" ಎಂದು ಯಜಮಾನನನ್ನು ಕೇಳಿ, ಸುತ್ತ ಕಪಾಟುಗಳಲ್ಲಿ ಸಾಲಾಗಿದ್ದ ಕನ್ನಡಕಗಳನ್ನು ನೋಡಿದರು. "ಎಡಗಣ್ಣಲ್ಲಿ ದೃಷ್ಟಿ ಇಲ್ಲವೇ ಇಲ್ಲ ಅನ್ನಿ. ಸೋಮಾರಿ ಕಣ್ಣು. ಐದಾರು ವರ್ಷಕ್ಕೇ ಪಟ್ಟಿ ಕಟ್ಟಿ ಕನ್ನಡಕ ಹಾಕಿಸಿದ್ರೆ ಬಹುಪಾಲು ಸರಿಹೋಗ್ತಿತ್ತು. ಇಂಥ ಮಕ್ಕಳು ಎಷ್ಟೋ ಜನ ವಾಸಿಯಾಗಿದ್ದಾರೆ. ಈಗ ತುಂಬಾ ತಡವಾಗಿದೆ. ಇರೋ ಒಂದು ಕಣ್ಣಿಗೆ ಪೆಟ್ಟು ಬೀಳದ ಹಾಗೆ ಗಟ್ಟಿ ಗಾಜಿನ ಕನ್ನಡಕ ಹಾಕ್ಸಿ, ಅಷ್ಟೇ." ಬಾಗಿಲವರೆಗೆ ಹೋಗಿ ತಿರುಗಿದರು. "ಕನ್ನಡಕದಂಗಡಿ ಇಟ್ಕೊಂಡೋರ ಮನೇಲೇ ಹೀಗಾದ್ರೆ ಹೇಗೆ ಸ್ವಾಮಿ? ಎಲ್ಲ ಅಂಗಡೀಲೂ ಚಿತ್ರ ಹಾಕಿರ್ತಾರಲ್ಲ, ಎಂಟು ವರ್ಷದೊಳಗೆ ಅಂತ."

ಆಕೆ ಹೋದ ಮೇಲೆ ಯಜಮಾನ ಶಟರ್ ಅರ್ಧಕ್ಕೆ ಎಳೆದು ಹುಡುಗಿಯನ್ನು ಕರೆದುಕೊಂಡು ಹಿಂದಿನ ಕೋಣೆಗೆ ಬಂದ. ಸಾಣೆಯಮ್ಮ ಚಕ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ಹದ್ದುಮರಿ," ಎಂದ. ಆ ಹೆಸರು ಅವನ ಬಾಯಲ್ಲೇ ಕಹಿಯಾಯಿತು. "ಪುಟ್ಟಾ, ನನ್ನ ಪರೀಕ್ಷೇಲಿ ಹೆಂಗಮ್ಮ ಪಾಸಾಗ್ತಿದ್ದೆ?"

"ಬಾಯಿಪಾಠ ಮಾಡ್ತಿದ್ದೆ ಅಪ್ಪ."

"ಹೊಸ ಹಲಗೇದು?"

ಹುಡುಗಿ ಅಮ್ಮನ ಕಡೆ ನೋಡಿದಳು. ಆ ಗಳಿಗೆಯವರೆಗೂ ಅವಳು ಅಮ್ಮನ ಕಡೆಯವಳೇ ಆಗಿದ್ದಳು.

"ನಾನೇ ಹೇಳಿಕೊಡ್ತಿದ್ದೆ," ಎಂದಳು ಸಾಣೆಯಮ್ಮ.

"ನಿನಗೆ ಯಾವಾಗಿಂದ ಗೊತ್ತು?"

"ಬಂದ ಎರಡನೇ ವಾರದಿಂದ."

ಯಜಮಾನ ಗೋಡೆಗೆ ಒರಗಿದ. ಅವನ ಬಾಯಲ್ಲಿ ಒಂದು ತಮಾಷೆಯೂ ಬರದೇ ಇದ್ದದ್ದು ಆ ಮನೆಯಲ್ಲಿ ಅದೇ ಮೊದಲು. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಅವಳನ್ನ ವಾಪಸ್ ಕಳಿಸ್ತಿದ್ರಿ."

"ನಾನಾ?"

"ದಿನಾ ಹೇಳ್ತಿದ್ರಿ. ಬಿಲ್ ಇದೆ, ಗ್ಯಾರಂಟಿ ಇದೆ, ಪೀಸ್ ಬದಲಾಯಿಸ್ತೀನಿ. ಒಂದು ದಿನಾನೂ ಬಿಟ್ಟಿಲ್ಲ ನೀವು." ಅವಳ ದನಿ ಏರಿತು. "ಹೇಳಿ, ಕಳಿಸ್ತಿದ್ರಿ ತಾನೆ? ಆಗ ಅವಳು ಬಂದು ಹದಿನೈದು ದಿನ. ಹಲಗೆ ತಗೊಂಡು ಹೋಗಿ ಕಣ್ಣು ನೋಡಿ ತಂದೋರು ನೀವು. ಒಂದು ಕಣ್ಣು ಇಲ್ಲ ಅಂತ ಗೊತ್ತಾಗಿದ್ರೆ ಇಟ್ಕೋತಿದ್ರಾ? ನಿಜ ಹೇಳಿ."

ಸಾಣೆಯಮ್ಮ ಬಾಯಲ್ಲಿ ಕೇಳಿದ್ದು ಒಂದು, ಮನಸ್ಸಿನಲ್ಲಿ ಬೇಡಿಕೊಂಡದ್ದು ಇನ್ನೊಂದು. ಕಳಿಸ್ತಿದ್ದೆ ಅನ್ನಿ, ಕಳಿಸ್ತಿದ್ದೆ ಅನ್ನಿ ಎಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು. ಅವನು ಹಾಗೆಂದರೆ ಆ ಕಣ್ಣಿನ ಬದಲಿಗೆ ಹುಡುಗಿಗೆ ಈ ಮನೆ ಉಳಿದಂತೆ. ಅವಳು ಮಾಡಿದ್ದು ತಾಯಿ ಮಾಡುವ ಕೆಲಸವೇ ಆದಂತೆ. ಹುಡುಗಿಯೂ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಯಜಮಾನ ಕೂತುಕೊಂಡ. ಹುಡುಗಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅವನ ಕಣ್ಣು ತುಂಬಿತ್ತು, ನಾಟಕವಲ್ಲ. "ಛೇ ಛೇ, ಎಲ್ಲಾದ್ರೂ ಇದೆಯಾ? ಅದು ತಮಾಷೆ ಕಣೇ. ನನ್ನ ಬಾಯಿ ಹಂಗೆ ಅಂತ ಇಡೀ ಬೀದಿಗೆ ಗೊತ್ತು. ಮನೆಗೆ ಬಂದ ಮಗೂನ ಯಾರಾದ್ರೂ ವಾಪಸ್ ಕಳಿಸ್ತಾರಾ? ಅವತ್ತೇ ಹೇಳಿದ್ರೆ ಅವತ್ತೇ ಪಟ್ಟಿ ಕಟ್ತಿದ್ದೆ. ನನ್ನ ಕೈಯಾರೆ ಕನ್ನಡಕ ಮಾಡ್ಕೊಡ್ತಿದ್ದೆ. ನನ್ನ ಅಂಗಡೀಲಿ ಇದ್ಕೊಂಡು ನನ್ನ ಮಗಳ ಕಣ್ಣು ಹೋಗೋಕೆ ಬಿಡ್ತಿದ್ನಾ?"

ಆರು ವರ್ಷದಿಂದ ಆ ಹುಡುಗಿ ಕೇಳಲು ಕಾದಿದ್ದ ಮಾತು ಅದು. ಒಂದೇ ಒಂದು ಸಲ, ಒಂದು ಲೋಟ ಒಡೆದ ದಿನ, ಅವನು ಇದನ್ನು ಹೇಳಿದ್ದರೆ ಸಾಕಾಗಿತ್ತು. ಈಗ ಹೇಳಿದ. ಹೇಳುವುದು ಸುಲಭ ಈಗ. ಹದಿನೈದು ದಿನದ ಗುರುತಿನ ಮಗುವಿಗೆ ದೋಷವಿದೆ ಎಂದಿದ್ದರೆ ನಿಜಕ್ಕೂ ಏನು ಮಾಡುತ್ತಿದ್ದನೋ, ಅದನ್ನು ಅವನೂ ಬಲ್ಲವನಲ್ಲ. ಆದರೆ ಹೇಳಿದ್ದನ್ನು ಅವನು ಪೂರ್ತಿ ನಂಬಿದ್ದ. ಬೆಂಕಿ ಹಚ್ಚಿದ ಬಾಯಿಯ ಗಂಡಸು ಹೀಗೆ ಒಂದು ಒಳ್ಳೆಯ ಮಾತಿನಿಂದ ಕೈತೊಳೆದುಕೊಂಡು ಎದ್ದುಬಿಟ್ಟ, ಪಾಪವೆಲ್ಲ ಬಾಯಿಬಿಡದ ಹೆಂಗಸಿನ ತಲೆಗೆ ಬಂತು. ಲೋಕದ ನ್ಯಾಯ ಬಹಳ ಸಲ ಹೀಗೆಯೇ.

ಹುಡುಗಿ ಅಪ್ಪನ ಭುಜದ ಮೇಲೆ ಕೈಯಿಟ್ಟು ನಿಂತು, ಅಮ್ಮನ ಕಡೆ ತಿರುಗಿದಳು.

"ಏನೂ ಮಾಡೋಕಾಗಲ್ಲ ಅಂದಿದ್ದೆ ನೀನು."

"ಹೂಂ."

"ಎಂಟು ವರ್ಷದೊಳಗೆ ಅಂತ ಇದ್ದಿದ್ದನ್ನ ಓದಿದ್ಯಾ?"

"ಓದಿದ್ದೆ."

"ಅಪ್ಪ ಕಳಿಸ್ತಾರೆ ಅಂತ ಹೆದ್ರಿಕೆ ಇತ್ತು ನಿನಗೆ. ಸರಿ. ನಾನು ನಿನ್ನ ಹೊಟ್ಟೇಲಿ ಹುಟ್ಟಿದ್ರೆ ಕಳಿಸೋಕೆ ಆಗ್ತಿರ್ಲಿಲ್ಲ ಅಲ್ವಾ?" ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಶಾಲೆಯ ಲೆಕ್ಕ ಕೇಳುವ ದನಿ. "ಹೊಟ್ಟೇಲಿ ಹುಟ್ಟಿದ್ರೆ ಅವತ್ತೇ ಹೇಳ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. ಆರು ವರ್ಷ ಸುಳ್ಳಿನಲ್ಲೇ ಮನೆ ನಡೆಸಿದವಳಿಗೆ ಇನ್ನೊಂದು ಸುಳ್ಳು ಭಾರವೇ? ಆಗಲೂ ಹೆದರ್ತಿದ್ದೆ, ಆಗಲೂ ಮುಚ್ಚಿಡ್ತಿದ್ದೆ ಎಂದಿದ್ದರೆ ಹುಡುಗಿ ನಂಬುತ್ತಿದ್ದಳೋ ಏನೋ, ನಂಬಲು ತಯಾರಾಗಿಯೇ ನಿಂತಿದ್ದಳು. ಆದರೆ ಸಾಣೆಯಮ್ಮನಿಗೆ ಸುಸ್ತಾಗಿತ್ತು. ಮಗಳಿಗೆ ಈ ಒಂದು ಸಲವಾದರೂ ನಿಜ ಹೇಳಬೇಕು ಎನಿಸಿತು.

"ಹೇಳ್ತಿದ್ದೆ," ಎಂದಳು.

ಹುಡುಗಿ ತಲೆಯಾಡಿಸಿದಳು. ಅವಳಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು, ಬೇಡವಾಗಿದ್ದ ಉತ್ತರವೂ ಅದೇ.

ಯಜಮಾನ ಎದ್ದ. ಅವನಿಗೆ ಏನಾದರೂ ಮಾಡಬೇಕಾಗಿತ್ತು, ಒಳ್ಳೆಯವನಾದ ಮೇಲೆ ಸುಮ್ಮನೆ ಕೂರಲಾಗುವುದಿಲ್ಲ. ಕಪಾಟಿನಿಂದ ಅತ್ಯಂತ ಗಟ್ಟಿಯಾದ ಗಾಜು ತೆಗೆದ, ಕೆಂಪು ಫ್ರೇಮು ತೆಗೆದ, ಸ್ಟೂಲಿನ ಬಳಿ ಬಂದು ನಿಂತ. "ಏಳು. ನನ್ನ ಮಗ್ಳ ಕನ್ನಡಕ ನಾನೇ ಮಾಡ್ತೀನಿ." ಸಾಣೆಯಮ್ಮ ಎದ್ದಳು. ಅವನಿಗೆ ಆ ಕೆಲಸದ ಅಭ್ಯಾಸ ತಪ್ಪಿಹೋಗಿತ್ತು. ಗಾಜನ್ನು ಓರೆಯಾಗಿ ಹಿಡಿದ, ಚಕ್ರ ಕಿರುಗುಟ್ಟಿತು. ಹುಡುಗಿ ಪಕ್ಕದಲ್ಲಿ ನಿಂತು ಫ್ರೇಮನ್ನು ಮೂಗಿಗೆ ಹಿಡಿದು, "ಇದು ಸರಿಯಾಗಿದೆ ಅಪ್ಪ" ಎನ್ನುತ್ತಿದ್ದಳು. ಹಾಗೆ ಹಿಡಿದರೆ ಅಂಚು ಒಡೆಯುತ್ತದೆ ಎಂದು ಸಾಣೆಯಮ್ಮನ ಕೈ ತಾನಾಗಿಯೇ ಮುಂದೆ ಹೋಯಿತು. ಯಾರೂ ಜಾಗ ಬಿಡಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕೆಂದು ಅವಳಿಗೆ ತಿಳಿಯಲಿಲ್ಲ, ಹದಿನೆಂಟು ವರ್ಷ ಅವಳು ಅಲ್ಲಿ ಕೂತೇ ಇದ್ದವಳು.

ಅಷ್ಟರಲ್ಲಿ ಅರ್ಧ ಎಳೆದ ಶಟರ್ ಕೆಳಗೆ ಬಗ್ಗಿ ಒಬ್ಬ ಮುದುಕಿ ಒಳಗೆ ಬಂದಳು. ಕನ್ನಡಕದ ಕಡ್ಡಿ ಸಡಿಲವಾಗಿ ಕೈಯಲ್ಲೇ ಹಿಡಿದುಕೊಂಡಿದ್ದಳು. "ಸಾಣೆಯಮ್ಮ ಇಲ್ವಾ?" ಎಂದು ಕೂಗಿದಳು.

ಹುಡುಗಿ ಎರಡು ಕೋಣೆಗಳ ನಡುವಿನ ಬಾಗಿಲಿಗೆ ಬಂದು ನಿಂತಳು. ಸಾಣೆಯಮ್ಮ ಅವಳ ಹಿಂದೆಯೇ ಬಂದು ಎಡಗಡೆ, ಒಂದು ಮೊಳ ದೂರದಲ್ಲಿ ನಿಂತಳು.

"ಇಲ್ಲ ಅಜ್ಜಿ," ಎಂದಳು ಹುಡುಗಿ. "ಕೂತ್ಕೊಳ್ಳಿ, ಅಪ್ಪ ಮಾಡ್ಕೊಡ್ತಾರೆ."

ಎಡಗಡೆ ನಿಂತಿದ್ದೇನಲ್ಲ, ಅವಳಿಗೆ ಕಾಣಲಿಲ್ಲವೇನೋ ಎಂದು ಸಾಣೆಯಮ್ಮ ಒಂದು ಗಳಿಗೆ ಆಸೆಪಟ್ಟಳು. ಹುಡುಗಿ ಪೂರ್ತಿ ತಿರುಗಿ, ಒಳ್ಳೆಯ ಕಣ್ಣಿನಿಂದ ಅವಳ ಮುಖವನ್ನು ನೇರವಾಗಿ ನೋಡಿದಳು. ಆಮೇಲೆ ಮುದುಕಿಗೆ ಕೇಳುವಂತೆ ಇನ್ನೊಂದು ಸಲ ಹೇಳಿದಳು.

"ಇಲ್ಲ. ಇಲ್ಲಿ ಯಾರೂ ಇಲ್ಲ."